ಕೆಟ್ಟ ಸುದ್ದಿ ಬೋರ್ಡ್ ರೂಮಿಗೆ ತಲುಪಲು ಎಷ್ಟು ದಿನ ಬೇಕು?

2020ರ ಡಿಸೆಂಬರ್ 12ರ ಶನಿವಾರ ಬೆಳಿಗ್ಗೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಗೊಂಡಿತು. ಕಾರಣ ಸಂಬಳ. ಗಾಜು, ಪೀಠೋಪಕರಣ, ವಾಹನಗಳು ಪುಡಿಯಾದವು. ಆ ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ಆಮೇಲೆ ರಾಜ್ಯದ ಕಾರ್ಖಾನೆಗಳ ಇಲಾಖೆ ನಡೆಸಿದ ತಪಾಸಣೆಯಲ್ಲಿ ಹೊರಬಿದ್ದ ಸಂಗತಿಗಳನ್ನು ಒಂದೊಂದಾಗಿ ನೋಡಬೇಕು. ಸ್ವಲ್ಪವೇ ಕಾಲದಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅದಕ್ಕೆ ತಕ್ಕ ಹಾಗೆ ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ. ಹಾಜರಾತಿ ದಾಖಲಿಸುವ ವ್ಯವಸ್ಥೆ ಸರಿಯಿರಲಿಲ್ಲ. ಪಾಳಿ 12 ಗಂಟೆಗೆ ಬದಲಾಗಿತ್ತು, ಓಟಿ ಲೆಕ್ಕ ಗೊಂದಲದಲ್ಲಿತ್ತು. ಒಂದು ವಾರದ ನಂತರ ಕಂಪನಿ, ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಿಕ್ಕಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಲೋಪ ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿತು.

ಇದರಲ್ಲಿ ಯಾವುದೂ ಗುಟ್ಟಾಗಿರುವಂಥದ್ದಲ್ಲ. ಹಾಜರಾತಿ ಯಂತ್ರ ಕೈಕೊಟ್ಟರೆ ಅದು ಮೊದಲು ತಿಳಿಯುವುದು ಗೇಟಿನ ಸೆಕ್ಯುರಿಟಿಯವನಿಗೆ. ಸಂಬಳ ಕಡಿಮೆ ಬಿದ್ದರೆ ಅದು ಪಾಳಿಯ ಸೂಪರ್‌ವೈಸರನಿಗೆ ಅದೇ ದಿನ ಗೊತ್ತಾಗುತ್ತದೆ. ಇಂಥ ಸುದ್ದಿ ಅಲ್ಲಿಂದ ಕಂಪನಿಯ ತುದಿಗೆ ಹತ್ತಲು ಎಷ್ಟು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ ಅದಕ್ಕೆ ಎಷ್ಟು ಬಣ್ಣ ಬಳಿಯಲಾಗುತ್ತದೆ ಎಂಬುದೇ ಆ ಕಂಪನಿಯ ಸಂಸ್ಕೃತಿಯ ನಿಜವಾದ ಅಳತೆ. ನಿರ್ದೇಶಕ ಮಂಡಳಿ ಸಂಸ್ಕೃತಿಯನ್ನು ಕಟ್ಟಬಹುದೇ, ಮುನ್ನಡೆಸಬಹುದೇ ಎಂಬ ಚರ್ಚೆ ಈಗ ಎಲ್ಲೆಡೆ ಇದೆ. ಕಟ್ಟಬಹುದು. ಆದರೆ ಮೌಲ್ಯಗಳ ಪಟ್ಟಿ ಬರೆದು ಲಾಬಿಯಲ್ಲಿ ತೂಗುಹಾಕಿದರೆ ಏನೂ ಆಗುವುದಿಲ್ಲ. ಕೆಟ್ಟ ಸುದ್ದಿ ಮೇಲೆ ಬರುವ ದಾರಿಯನ್ನು ಮಂಡಳಿಯೇ ಕೈಯಾರೆ ಹಾಕಬೇಕು, ಆ ದಾರಿಯಲ್ಲಿ ಬಂದವನಿಗೆ ಪೆಟ್ಟು ಬೀಳದಂತೆ ಕಾಯಬೇಕು.

230 ಮತ್ತು 5,300

ಈ ವಿಷಯದಲ್ಲಿ ಎಲ್ಲಕ್ಕಿಂತ ವಿವರವಾಗಿ ದಾಖಲಾಗಿರುವ ಪ್ರಕರಣ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನದು. ಒಂದೊಂದು ಗ್ರಾಹಕ ಕುಟುಂಬಕ್ಕೆ ಎಂಟು ಉತ್ಪನ್ನ ಮಾರಬೇಕು ಎಂಬುದು ಅಲ್ಲಿನ ಗುರಿ. ಶಾಖೆಯ ಸಿಬ್ಬಂದಿ ಆ ಟಾರ್ಗೆಟ್ ಮುಟ್ಟಲಾಗದೆ ಗ್ರಾಹಕರಿಗೆ ಹೇಳದೆಯೇ ಖಾತೆ ತೆರೆದರು, ಕಾರ್ಡ್ ಮಾಡಿಸಿದರು. 2013ರ ಡಿಸೆಂಬರಿನಲ್ಲೇ ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆ ಇದನ್ನು ಬರೆದಿತ್ತು. 2015ರ ಮೇ ತಿಂಗಳಲ್ಲಿ ಅಪಾಯಗಳ ಮೇಲೆ ಕಣ್ಣಿಡುವ ಮಂಡಳಿಯ ರಿಸ್ಕ್ ಸಮಿತಿಯ ಮುಂದಿಟ್ಟ ಟಿಪ್ಪಣಿಯಲ್ಲಿ, ಈ ಕಾರಣಕ್ಕೆ ಕೆಲಸದಿಂದ ತೆಗೆದವರ ಸಂಖ್ಯೆ 230 ಎಂದಿತ್ತು. 2016ರ ಸೆಪ್ಟೆಂಬರಿನಲ್ಲಿ ನಿಯಂತ್ರಕರ ಜೊತೆ 18.5 ಕೋಟಿ ಡಾಲರ್ ದಂಡದ ಒಪ್ಪಂದವಾದಾಗ ಹೊರಬಂದ ಸಂಖ್ಯೆ 5,300. ಮಂಡಳಿಗೆ ಆ ಅಂಕಿ ಗೊತ್ತಾದದ್ದೂ ಆಗಲೇ.

ಆಡಳಿತಕ್ಕೆ ಸೇರದ ಸ್ವತಂತ್ರ ನಿರ್ದೇಶಕರು ನಡೆಸಿದ ತನಿಖೆಯ ವರದಿ 2017ರ ಏಪ್ರಿಲಿನಲ್ಲಿ ಪ್ರಕಟವಾಯಿತು. ನಿರ್ದೇಶಕರಾಗುವವರು ಓದಲೇಬೇಕಾದ ದಾಖಲೆ ಅದು. ಅದರಲ್ಲಿ ಎರಡು ಸಂಗತಿ ಮನಸ್ಸಿನಲ್ಲಿ ಉಳಿಯುತ್ತವೆ. ಒಂದು, ರಿಟೇಲ್ ವಿಭಾಗದ ಸಿಬ್ಬಂದಿ ಕೆಲಸ ಬಿಡುವ ಪ್ರಮಾಣ 2012ರ ಅಕ್ಟೋಬರಿಗೆ ಕೊನೆಯಾದ ವರ್ಷದಲ್ಲಿ ಶೇ 41ಕ್ಕೆ ಏರಿತ್ತು. ಹತ್ತು ಜನರಲ್ಲಿ ನಾಲ್ವರು ಬಿಟ್ಟುಹೋಗುವ ಕಡೆ ಏನೋ ಎಡವಟ್ಟಾಗಿದೆ ಎಂದು ತಿಳಿಯಲು ತಜ್ಞರು ಬೇಡ. ಆದರೆ ಆ ಅಂಕಿ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಇದು ಮಾಮೂಲು ಎಂಬ ಮಾತಿನ ಅಡಿ ಮುಚ್ಚಿಹೋಯಿತು. ಎರಡು, ತಪ್ಪಿಗಾಗಿ ವಜಾ ಆದವರು ವರ್ಷಕ್ಕೆ ಸುಮಾರು ಶೇ 1 ಅಷ್ಟೇ, ಉಳಿದ ಶೇ 99 ಮಂದಿ ಸರಿಯಾಗಿಯೇ ಇದ್ದಾರೆ ಎಂಬ ಸಮಾಧಾನ. ಸಿಕ್ಕಿಬಿದ್ದವರು ಶೇ 1 ಎಂದರೆ ಮಾಡಿದವರೂ ಅಷ್ಟೇ ಎಂದರ್ಥವಲ್ಲ. ಸಾವಿರಾರು ಜನ ಬೇರೆಬೇರೆ ಊರುಗಳಲ್ಲಿ ಒಂದೇ ಬಗೆಯ ತಪ್ಪು ಮಾಡುತ್ತಿದ್ದಾರೆ ಎಂದರೆ ಅದಕ್ಕೆ ಬೇರು ಟಾರ್ಗೆಟ್‌ನಲ್ಲಿದೆ ಎಂದು ಮಂಡಳಿಯಲ್ಲಿ ಒಬ್ಬರಾದರೂ ಕೇಳಬೇಕಿತ್ತು.

ಬೆಲೆ ಏನು ತೆರಬೇಕಾಯಿತು? ಸಿಇಒ ಹುದ್ದೆ ಬಿಟ್ಟರು. ಅವರಿಂದ ಸುಮಾರು 6.9 ಕೋಟಿ ಡಾಲರ್, ರಿಟೇಲ್ ವಿಭಾಗದ ಮುಖ್ಯಸ್ಥೆಯಿಂದ ಸುಮಾರು 6.7 ಕೋಟಿ ಡಾಲರ್ ಮೌಲ್ಯದ ವೇತನ ಮತ್ತು ಷೇರುಗಳನ್ನು ಮಂಡಳಿ ಹಿಂಪಡೆಯಿತು, ರದ್ದು ಮಾಡಿತು. 2018ರ ಫೆಬ್ರವರಿಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಆ ಬ್ಯಾಂಕಿನ ಆಸ್ತಿ ಬೆಳೆಯದಂತೆ ಮಿತಿ ಹಾಕಿತು. ಅದು ತೆರವಾದದ್ದು 2025ರ ಜೂನ್‌ನಲ್ಲಿ, ಏಳು ವರ್ಷಕ್ಕೂ ಹೆಚ್ಚು ಕಾಲದ ನಂತರ.

ಅಜೆಂಡಾದಲ್ಲಿ ಇಲ್ಲದ್ದು

ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಬಿದ್ದು 346 ಜನ ಸತ್ತರು. ಷೇರುದಾರರು ನಿರ್ದೇಶಕರ ಮೇಲೆ ಹೂಡಿದ ದಾವೆಯಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ವಿಚಾರಣೆಗೆ ಯೋಗ್ಯ ಎಂದ ಆಕ್ಷೇಪ ಬಹಳ ಸರಳವಾದದ್ದು. ವಿಮಾನ ತಯಾರಿಸುವ ಕಂಪನಿಯ ಮಂಡಳಿಯಲ್ಲಿ ವಿಮಾನದ ಸುರಕ್ಷತೆಯನ್ನೇ ನೋಡುವ ಸಮಿತಿ ಇರಲಿಲ್ಲ. ಸುರಕ್ಷತೆ ಸಭೆಯ ಕಾಯಂ ವಿಷಯವೂ ಆಗಿರಲಿಲ್ಲ. ಒಳಗಿನವರ ದೂರು ಮಂಡಳಿಗೆ ಮುಟ್ಟುವ ದಾರಿಯೂ ಇರಲಿಲ್ಲ. ದಾವೆ 23.75 ಕೋಟಿ ಡಾಲರಿಗೆ ರಾಜಿಯಾಯಿತು. ಅದಕ್ಕೂ ಮುಂಚೆ, 2019ರಲ್ಲಿ, ಬ್ಲೂ ಬೆಲ್ ಎಂಬ ಐಸ್‌ಕ್ರೀಂ ಕಂಪನಿಯ ವಿಷಯದಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ಇಂಥದ್ದೇ ಮಾತು ಹೇಳಿತ್ತು. ಅಲ್ಲಿ ಸೋಂಕಿತ ಐಸ್‌ಕ್ರೀಂ ತಿಂದು ಮೂವರು ಸತ್ತಿದ್ದರು, ಆಹಾರ ಸುರಕ್ಷತೆ ಮಂಡಳಿಯ ಮುಂದೆ ಬರುವ ಕ್ರಮವೇ ಇರಲಿಲ್ಲ.

ನಮ್ಮಲ್ಲೂ ಇದಕ್ಕೆ ಕೊರತೆಯಿಲ್ಲ. 90 ಸಾವಿರ ಕೋಟಿ ರೂಪಾಯಿಗೂ ಮೀರಿದ ಸಾಲದೊಂದಿಗೆ 2018ರಲ್ಲಿ ಕುಸಿದ, ಮೂಲಸೌಕರ್ಯ ಯೋಜನೆಗಳಿಗೆ ಸಾಲ ಕೊಡುತ್ತಿದ್ದ ಐಎಲ್‌ಅಂಡ್‌ಎಫ್‌ಎಸ್‌ನ ರಿಸ್ಕ್ ಸಮಿತಿ 2015ರಿಂದ 2018ರ ನಡುವೆ ಸೇರಿದ್ದು ಒಂದೇ ಸಲ ಎಂದು ಕೇಂದ್ರ ಸರ್ಕಾರ ಕಂಪನಿ ಕಾನೂನು ನ್ಯಾಯಮಂಡಳಿಗೆ ತಿಳಿಸಿತ್ತು. ಸಮಿತಿ ಇತ್ತು, ಕಾಗದದಲ್ಲಿ.

ಹಾಗಾಗಿ ಮಂಡಳಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ನಮ್ಮ ಕಂಪನಿಯಲ್ಲಿ ಯಾವುದು ಕೆಟ್ಟರೆ ಜನ ಸಾಯುತ್ತಾರೆ, ಅಥವಾ ಜನರ ದುಡ್ಡು ಹೋಗುತ್ತದೆ? ಔಷಧ ಕಂಪನಿಗೆ ಅದು ಲ್ಯಾಬ್ ದಾಖಲೆಯ ಪ್ರಾಮಾಣಿಕತೆ, ಬ್ಯಾಂಕಿಗೆ ಸಾಲ ವಸೂಲಿಯ ರೀತಿ, ಗಾರ್ಮೆಂಟ್ಸ್‌ಗೆ ಲೈನ್ ಸೂಪರ್‌ವೈಸರನ ಬಾಯಿ. ಆ ಒಂದು ವಿಷಯ ಪ್ರತಿ ಸಭೆಯಲ್ಲೂ ಮೊದಲ ಅರ್ಧ ಗಂಟೆಯಲ್ಲೇ ಬರಬೇಕು. ಕಾಯ್ದೆ ಪ್ರಕಾರ ವರ್ಷಕ್ಕೆ ನಾಲ್ಕು ಮಂಡಳಿ ಸಭೆ, ಎರಡು ಸಭೆಗಳ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು. ಸಭೆಗೆ ಐದು ಗಂಟೆ ಎಂದಿಟ್ಟುಕೊಂಡರೂ ವರ್ಷಕ್ಕೆ 20 ಗಂಟೆ. ಅದರಲ್ಲಿ ಹೆಚ್ಚಿನದನ್ನು ತ್ರೈಮಾಸಿಕ ಫಲಿತಾಂಶ ನುಂಗುತ್ತದೆ. ಸಂಸ್ಕೃತಿಯ ಮಾತು ಅಜೆಂಡಾದ ಕೊನೆಯಲ್ಲಿದ್ದರೆ, ಅದು ಏರ್‌ಪೋರ್ಟಿಗೆ ಹೊರಡುವ ಟ್ಯಾಕ್ಸಿ ಬಂದ ಮೇಲೆ ಶುರುವಾಗುತ್ತದೆ.

ಒಂದು ಪುಟದ ಅಂಕಿ

ಮಂಡಳಿಗೆ ಬರುವ ಎಚ್‌ಆರ್ ಪಿಪಿಟಿ ಸಾಮಾನ್ಯವಾಗಿ ಸರಾಸರಿಗಳಿಂದ ತುಂಬಿರುತ್ತದೆ: ಸಿಬ್ಬಂದಿ ಸಮೀಕ್ಷೆ 5ಕ್ಕೆ 4.1, ಕೆಲಸ ಬಿಟ್ಟವರು ಶೇ 14. ಸರಾಸರಿಯಿಂದ ಏನೂ ತಿಳಿಯದು. ನಲವತ್ತು ಶಾಖೆಗಳ 4.1ರೊಳಗೆ ಒಂದು ಶಾಖೆಯ 2.3 ಆರಾಮವಾಗಿ ಅಡಗಿ ಕೂರುತ್ತದೆ. ಕೇಳಬೇಕಾದದ್ದು ಕೊನೆಯ ಹತ್ತು ಘಟಕಗಳ ಪಟ್ಟಿ, ಅಲ್ಲಿನ ಮುಖ್ಯಸ್ಥರ ಬೋನಸ್ ಎಷ್ಟು ಎಂಬ ವಿವರದೊಂದಿಗೆ. ಈ ಎರಡು ಕಾಲಂ ಅಕ್ಕಪಕ್ಕ ಬಂದ ದಿನ ಚರ್ಚೆಯ ಧಾಟಿಯೇ ಬದಲಾಗುತ್ತದೆ.

ಉಪಯೋಗಕ್ಕೆ ಬರುವ ಅಂಕಿಗಳು ಕೆಲವೇ. ಸೇರಿ ಆರು ತಿಂಗಳೊಳಗೆ ಬಿಟ್ಟವರು ಎಷ್ಟು, ಯಾವ ಮ್ಯಾನೇಜರ್ ಕೈಕೆಳಗಿನವರು. ಒಳ ಆಡಿಟ್ಟಿನಲ್ಲಿ ಎರಡನೇ ಸಲ ಬಂದ ಅದೇ ಆಕ್ಷೇಪಣೆಗಳು ಎಷ್ಟು. ಅಪಘಾತ ಸ್ವಲ್ಪದರಲ್ಲೇ ತಪ್ಪಿದ ಘಟನೆಗಳು ಎಷ್ಟು ವರದಿಯಾದವು. ಇದು ಕಡಿಮೆಯಾದರೆ ಖುಷಿಪಡುವಂತಿಲ್ಲ, ಜನ ಬರೆಯುವುದನ್ನೇ ಬಿಟ್ಟಿರಬಹುದು. ಸಣ್ಣ ಪೂರೈಕೆದಾರರಿಗೆ 45 ದಿನ ದಾಟಿಯೂ ಬಾಕಿ ಉಳಿದ ಹಣ ಎಷ್ಟು. ಕೊನೆಯದು ಸಂಸ್ಕೃತಿಗೆ ಹೇಗೆ ಸಂಬಂಧ ಎನ್ನಬಹುದು. ತ್ರೈಮಾಸಿಕದ ಕೊನೆಗೆ ನಗದು ಚೆನ್ನಾಗಿ ಕಾಣಲಿ ಎಂದು ಪೀಣ್ಯದ ಸಣ್ಣ ವರ್ಕ್‌ಶಾಪಿನ ಬಿಲ್ ತಡೆಹಿಡಿಯುವ ಕಂಪನಿ, ಒತ್ತಡ ಬಿದ್ದಾಗ ಅದನ್ನು ದುರ್ಬಲರ ಮೇಲೆ ಹಾಕುವುದನ್ನು ರೂಢಿ ಮಾಡಿಕೊಂಡಿದೆ. ಇವತ್ತು ಪೂರೈಕೆದಾರ, ನಾಳೆ ಗುತ್ತಿಗೆ ಕಾರ್ಮಿಕ.

ಹೊಸ ಸಾಫ್ಟ್‌ವೇರ್ ಇದಕ್ಕೆ ಬೇಕಿಲ್ಲ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಗಾಗಿ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿ ಕೊಡುತ್ತಿವೆ. ಕಾಯಂ ಸಿಬ್ಬಂದಿ ಎಷ್ಟು, ಕಾಯಂ ಅಲ್ಲದವರು ಎಷ್ಟು, ಬಿಟ್ಟುಹೋದವರು, ದೂರುಗಳು, ಮಧ್ಯಮ ವೇತನ ಎಲ್ಲವೂ ಅದರಲ್ಲಿವೆ. ವರ್ಷಕ್ಕೊಮ್ಮೆ ಅದನ್ನು ಅನುಮೋದಿಸಿ ಮರೆಯುವ ಬದಲು ಘಟಕವಾರು ಒಡೆದು ಮೂರು ತಿಂಗಳಿಗೊಮ್ಮೆ ತರಿಸಿದರೆ ಸಾಕು.

ಸಮೀಕ್ಷೆಯ ಅಂಕವನ್ನು ಮ್ಯಾನೇಜರನ ಬೋನಸ್ಸಿಗೆ ನೇರವಾಗಿ ಕಟ್ಟುವ ತಪ್ಪು ಎಲ್ಲೆಡೆ ನಡೆಯುತ್ತದೆ. ಕಟ್ಟಿದ ಮರುವರ್ಷವೇ ಅಂಕ ಏರುತ್ತದೆ, ಯಾಕೆಂದರೆ ಮ್ಯಾನೇಜರ್ ತಂಡವನ್ನು ಕೂರಿಸಿಕೊಂಡು 'ಎಲ್ಲರೂ ಐದಕ್ಕೆ ಐದು ಹಾಕಿ' ಎಂದಿರುತ್ತಾನೆ. ಹಾಗೆಯೇ ಹತ್ತು ಜನರಿಗಿಂತ ಸಣ್ಣ ತಂಡದ ಉತ್ತರಗಳನ್ನು ಬೇರೆಯಾಗಿ ತೋರಿಸಬಾರದು. ಯಾರು ಬರೆದರೆಂದು ಊಹಿಸಬಹುದು ಎನಿಸಿದರೆ ಯಾರೂ ನಿಜ ಬರೆಯುವುದಿಲ್ಲ.

ದೂರಿನ ದಾರಿ

ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಲಿಸ್ಟೆಡ್ ಕಂಪನಿಗಳಲ್ಲಿ ಒಳಗಿನವರು ದೂರು ಕೊಡುವ ವ್ಯವಸ್ಥೆ ಇರಲೇಬೇಕು ಎನ್ನುತ್ತದೆ. ಗಂಭೀರ ಪ್ರಕರಣಗಳಲ್ಲಿ ದೂರುದಾರರು ನೇರ ಮಂಡಳಿಯ ಲೆಕ್ಕಪತ್ರ ನೋಡುವ ಆಡಿಟ್ ಸಮಿತಿಯ ಅಧ್ಯಕ್ಷರ ಬಳಿಗೇ ಹೋಗಬಹುದು. ಕಾಗದದ ಮೇಲೆ ಎಲ್ಲ ಕಂಪನಿಗಳಲ್ಲೂ ಇದು ಇದೆ. ಕೆಡುವುದು ಎಲ್ಲಿ ಎಂದರೆ, ಆ ಇಮೇಲ್ ಬಂದು ಬೀಳುವುದು ಎಚ್‌ಆರ್ ಮುಖ್ಯಸ್ಥರ ಮೇಜಿಗೆ, ಅವರು ವರದಿ ಮಾಡುವುದು ಎಂಡಿಗೆ. ದೂರಿನಲ್ಲಿ ಕಂಪನಿಯ ಮೇಲಿನ ಎರಡು ಹಂತದ ಯಾರದೇ ಹೆಸರಿದ್ದರೂ ಅದರ ಪ್ರತಿ ಆ ಕ್ಷಣವೇ ಆಡಿಟ್ ಸಮಿತಿಯ ಅಧ್ಯಕ್ಷರಿಗೆ ಹೋಗುವಂತೆ ವ್ಯವಸ್ಥೆಯಲ್ಲೇ ಕೂರಿಸಬೇಕು. ದೂರು ಕೊಡುವ ನಂಬರ್ ಇಂಗ್ಲಿಷ್ ಪೋಸ್ಟರಿನಲ್ಲಿ ಇದ್ದರೆ ಸಾಲದು. ಕನ್ನಡ, ಹಿಂದಿ, ಒಡಿಯಾ, ತೆಲುಗು ಹೀಗೆ ಅಲ್ಲಿನ ಕಾರ್ಮಿಕರ ಭಾಷೆಯಲ್ಲಿ ಸಂಬಳದ ಸ್ಲಿಪ್ಪಿನ ಮೇಲೆಯೇ ಅಚ್ಚಾಗಿರಬೇಕು. ಗುತ್ತಿಗೆಯವರಿಗೂ ಪೂರೈಕೆದಾರರಿಗೂ ಅದು ತೆರೆದಿರಬೇಕು. ಮೂರು ದಿನದಲ್ಲಿ ದೂರು ತಲುಪಿದ ಉತ್ತರ, 15 ದಿನದಲ್ಲಿ ಮೊದಲ ಪರಿಶೀಲನೆ, 60 ದಿನದಲ್ಲಿ ತೀರ್ಮಾನ ಎಂಬ ಗಡುವು ಇಟ್ಟುಕೊಂಡರೆ ಅತಿಯಲ್ಲ.

ಇನ್ಫೊಸಿಸ್‌ನ 2019ರ ಪ್ರಕರಣವನ್ನು ಈ ದೃಷ್ಟಿಯಿಂದ ನೋಡಬಹುದು. ಅಂದಿನ ಸಿಇಒ ಮತ್ತು ಸಿಎಫ್‌ಒ ಮೇಲೆ ಅನಾಮಧೇಯ ದೂರು ಸೆಪ್ಟೆಂಬರ್ 30ರಂದು ಒಬ್ಬ ನಿರ್ದೇಶಕರ ಕೈಸೇರಿತು. ಅಕ್ಟೋಬರ್ 10ರಂದು ಆಡಿಟ್ ಸಮಿತಿಯ ಮುಂದೆ, ಮರುದಿನ ಕಾರ್ಯನಿರ್ವಾಹಕರಲ್ಲದ ನಿರ್ದೇಶಕರ ಮುಂದೆ ಬಂತು. ದೂರಿಗೆ ಗುರಿಯಾದ ಇಬ್ಬರನ್ನೂ ಈ ವಿಷಯದಿಂದ ದೂರ ಇಡಲಾಯಿತು, ಹೊರಗಿನ ಕಾನೂನು ಸಂಸ್ಥೆಯಿಂದ ತನಿಖೆಯಾಯಿತು. ಹಣಕಾಸಿನ ಅಕ್ರಮಕ್ಕೆ ಪುರಾವೆಯಿಲ್ಲ ಎಂದು 2020ರ ಜನವರಿ 10ರಂದು ಆಡಿಟ್ ಸಮಿತಿ ಪ್ರಕಟಿಸಿತು. ಆರೋಪ ಸಾಬೀತಾಗಲಿಲ್ಲ, ಆದರೆ ಆರೋಪ ಹೋದ ದಾರಿ ದಿನಾಂಕ ಸಮೇತ ಜನರ ಮುಂದಿದೆ. ಪ್ರತಿ ಕಂಪನಿಯೂ ತನ್ನ ದೂರುಗಳಿಗೆ ಇಂಥ ದಿನಾಂಕಪಟ್ಟಿ ಕೊಡುವಂತಿರಬೇಕು.

ವಾರ್ಷಿಕ ವರದಿಯಲ್ಲಿ ಸಾವಿರಾರು ಸಿಬ್ಬಂದಿಯ ಎದುರು 'ದೂರುಗಳು: ಶೂನ್ಯ' ಎಂದು ಬಂದಾಗ ಮಂಡಳಿ ಸಂತೋಷಪಡುತ್ತದೆ. ಅದು ಆತಂಕಪಡಬೇಕಾದ ಅಂಕಿ. ಲೈಂಗಿಕ ಕಿರುಕುಳದ ದೂರುಗಳ ಲೆಕ್ಕವನ್ನು, 90 ದಿನ ದಾಟಿಯೂ ಬಾಕಿ ಉಳಿದವನ್ನೂ ಸೇರಿಸಿ, ಮಂಡಳಿ ವರದಿಯಲ್ಲಿ ಕೊಡುವುದು 2025ರ ಜುಲೈನಿಂದ ಕಡ್ಡಾಯ. ನಿಯಮ ಕೇಳದ ಇನ್ನೊಂದು ಅಂಕಿಯನ್ನೂ ಮಂಡಳಿ ತಾನಾಗಿ ತರಿಸಬೇಕು: ದೂರು ಕೊಟ್ಟವರು 12 ತಿಂಗಳ ನಂತರ ಎಲ್ಲಿದ್ದಾರೆ? ರೇಟಿಂಗ್ ಇಳಿಯಿತೇ, ಬೇರೆ ಊರಿಗೆ ವರ್ಗವಾಯಿತೇ, ರಾಜೀನಾಮೆ ಕೊಟ್ಟರೇ? ಹತ್ತರಲ್ಲಿ ಏಳು ಮಂದಿ ಕಂಪನಿಯಲ್ಲೇ ಇಲ್ಲದಿದ್ದರೆ, ಹನ್ನೊಂದನೆಯವರು ಬಾಯಿ ಬಿಡುವುದಿಲ್ಲ.

ಮೂರು ಕಾಗದ

ಕಾರ್ಖಾನೆ ಭೇಟಿ ಎಂದರೆ ಹೂಗುಚ್ಛ, ಹೆಲ್ಮೆಟ್, ಹೊಸದಾಗಿ ಬಳಿದ ಹಳದಿ ಗೆರೆ. ಅದರಿಂದ ಏನೂ ತಿಳಿಯದು. ಪ್ರತಿ ಸ್ವತಂತ್ರ ನಿರ್ದೇಶಕರೂ ವರ್ಷಕ್ಕೆ ಎರಡು ಸಲ, ಪ್ಲಾಂಟ್ ಹೆಡ್ ಜೊತೆಗಿಲ್ಲದೆ, ಸಾಧ್ಯವಾದರೆ ಪಾಳಿ ಬದಲಾಗುವ ಹೊತ್ತಿಗೆ ಎರಡು ಗಂಟೆ ಅಲ್ಲಿರಬೇಕು. ಕ್ಯಾಂಟೀನಿನಲ್ಲಿ ಕಾಯಂನವರ ಸಾಲು, ಗುತ್ತಿಗೆಯವರ ಸಾಲು ಬೇರೆಯೇ? ಶೌಚಾಲಯ ಬೇರೆಯೇ? ಆಮೇಲೆ ಯಾವುದಾದರೂ ಹತ್ತು ಗುತ್ತಿಗೆ ಕಾರ್ಮಿಕರನ್ನು ತಾವೇ ಆರಿಸಿ, ಕಳೆದ ತಿಂಗಳ ಮೂರು ಕಾಗದ ತರಿಸಬೇಕು: ಗೇಟಿನ ಹಾಜರಾತಿ, ಸಂಬಳದ ಸ್ಲಿಪ್, ಬ್ಯಾಂಕಿಗೆ ಹಣ ಬಿದ್ದ ದಾಖಲೆ. ಗೇಟಿನಲ್ಲಿ 26 ದಿನ, ಸ್ಲಿಪ್ಪಿನಲ್ಲಿ 24 ದಿನ. ಗೇಟಿನಲ್ಲಿ 12 ಗಂಟೆ, ಸ್ಲಿಪ್ಪಿನಲ್ಲಿ 8 ಗಂಟೆ, ಓಟಿ ಖಾಲಿ. ಸ್ಲಿಪ್ಪಿನಲ್ಲಿ ಪಿಎಫ್ ಕಡಿತ, ಖಾತೆಯಲ್ಲಿ ಜಮೆ ಇಲ್ಲ. ಹತ್ತರಲ್ಲಿ ಇಂಥ ಎರಡು ಸಿಕ್ಕರೂ ಆ ಘಟಕದ ಸಂಸ್ಕೃತಿ ಏನೆಂದು ನೂರು ಪುಟದ ಸಲಹೆಗಾರರ ವರದಿಗಿಂತ ಚೆನ್ನಾಗಿ ತಿಳಿಯುತ್ತದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕಾನೂನಿನಂತೆ ಮುಖ್ಯ ಮಾಲೀಕನೇ ಕೊಡಬೇಕು, ಹಾಗಾಗಿ 'ಅದು ಏಜೆನ್ಸಿಯ ಸಮಸ್ಯೆ' ಎಂಬ ಉತ್ತರವನ್ನು ಮಂಡಳಿ ಒಪ್ಪಬಾರದು.

ಬ್ರಿಟನ್ನಿನ ಕಂಪನಿ ಆಡಳಿತ ಸಂಹಿತೆ 2018ರಿಂದ ಇದಕ್ಕೆ ಕಾಯಂ ದಾರಿ ಸೂಚಿಸಿದೆ: ಸಿಬ್ಬಂದಿಯಿಂದಲೇ ಒಬ್ಬ ನಿರ್ದೇಶಕ, ಅಥವಾ ಸಿಬ್ಬಂದಿಯ ಸಲಹಾ ಸಮಿತಿ, ಅಥವಾ ಅವರ ಮಾತು ಕೇಳಲೆಂದೇ ನೇಮಿಸಿದ ನಿರ್ದೇಶಕ. ಮೂರನೆಯದನ್ನು ನಮ್ಮಲ್ಲಿ ನಾಳೆಯೇ ಮಾಡಬಹುದು, ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಸಂಬಳ, ಬಡ್ತಿ, ಮತ್ತು ಮುಂದಿನ ಸಿಇಒ

ಮಂಡಳಿಯ ಕೈಯಲ್ಲಿರುವ ಗಟ್ಟಿ ಹತಾರ ಇದೇ. ಸಿಇಒ ಬೋನಸ್ಸಿನಲ್ಲಿ 'ಮೌಲ್ಯಗಳಿಗೆ' ಶೇ 10 ತೂಕ ಕೊಡುವುದು ಚಾಲ್ತಿಯಲ್ಲಿದೆ. ಅದು ಯಾವಾಗಲೂ ಪೂರ್ತಿ ಸಿಗುತ್ತದೆ, ಹಾಗಾಗಿ ಅದು ಇಲ್ಲದ ಹಾಗೆಯೇ. ತೂಕದ ಬದಲು ಬಾಗಿಲು ಇಡಬೇಕು: ಸಾವಿನ ಅಪಘಾತ ಮುಚ್ಚಿಟ್ಟದ್ದು ಸಾಬೀತಾದರೆ, ದೂರುದಾರರ ಮೇಲೆ ಸೇಡು ತೀರಿಸಿದ್ದು ಸಾಬೀತಾದರೆ, ಲಾಭ ಎಷ್ಟೇ ಬಂದಿರಲಿ ಆ ವರ್ಷದ ಬೋನಸ್ ಸೊನ್ನೆ. ಖಾಸಗಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರ ನವೆಂಬರಿನ ಮಾರ್ಗಸೂಚಿಯಲ್ಲಿ ಇನ್ನೂ ಮುಂದೆ ಹೋಗಿದೆ. ಉನ್ನತ ಅಧಿಕಾರಿಗಳ ಸಂಬಳದ ಕನಿಷ್ಠ ಅರ್ಧ ಭಾಗ ಸಾಧನೆಗೆ ತಕ್ಕಂತೆ ಬದಲಾಗಬೇಕು, ಅದರಲ್ಲಿ ಕನಿಷ್ಠ ಶೇ 60ರಷ್ಟನ್ನು ಮೂರು ವರ್ಷಕ್ಕಾದರೂ ತಡೆದು ಕೊಡಬೇಕು, ತಪ್ಪು ಹೊರಬಿದ್ದರೆ ಕೊಟ್ಟದ್ದನ್ನೂ ಹಿಂಪಡೆಯುವ ಷರತ್ತು ಇರಬೇಕು. ಬೇರೆ ಕಂಪನಿಗಳೂ ನೇಮಕದ ಒಪ್ಪಂದ ಬರೆಯುವಾಗಲೇ ಈ ಷರತ್ತು ಸೇರಿಸಬೇಕು. ತಪ್ಪಾದ ಮೇಲೆ ಸೇರಿಸಲು ಹೊರಟರೆ ಯಾರೂ ಸಹಿ ಹಾಕುವುದಿಲ್ಲ.

ಬೋನಸ್ಸಿಗಿಂತ ಜೋರಾಗಿ ಮಾತನಾಡುವುದು ಬಡ್ತಿ. ಕಂಪನಿಗೆ ಅತಿ ಹೆಚ್ಚು ವ್ಯಾಪಾರ ತರುವ, ಕೈಕೆಳಗಿನವರನ್ನು ಅಳಿಸುವ ಒಬ್ಬ ಅಧಿಕಾರಿ ಪ್ರತಿ ಕಂಪನಿಯಲ್ಲೂ ಇರುತ್ತಾನೆ. ಅವನ ವಿಷಯದಲ್ಲಿ ಮಂಡಳಿ ಏನು ಮಾಡಿತು ಎಂಬುದನ್ನು ಇಡೀ ಕಂಪನಿ ಗಮನಿಸುತ್ತಿರುತ್ತದೆ. ಮುಂದಿನ ಸಿಇಒ ಆಯ್ಕೆಯಲ್ಲೂ ನಾಮನಿರ್ದೇಶನ ಸಮಿತಿ ಅಭ್ಯರ್ಥಿಯ ಮೇಲಧಿಕಾರಿಗಳ ಮಾತು ಕೇಳಿ ನಿಲ್ಲಿಸದೆ, ಅವರ ಕೈಕೆಳಗೆ ದುಡಿದು ಬಿಟ್ಟುಹೋದ ಐದಾರು ಜನರನ್ನು ಮಾತನಾಡಿಸಬೇಕು. ಕೇಳಬೇಕಾದದ್ದು ಒಂದೇ: ನಷ್ಟದ ಸುದ್ದಿ ತೆಗೆದುಕೊಂಡು ಒಳಗೆ ಹೋದಾಗ ಅವರು ಏನೆಂದರು?

ಒಪ್ಪದವರ ಸಾಲು

ಇಷ್ಟೆಲ್ಲ ಮಾಡಲು ಮಂಡಳಿಯಲ್ಲಿ ಬಾಯಿ ತೆರೆಯುವವರು ಇರಬೇಕಲ್ಲ. ಐಟಿ ಕಂಪನಿ ಸತ್ಯಂನ ಮಂಡಳಿಯಲ್ಲಿ ಹಾರ್ವರ್ಡ್ ಪ್ರಾಧ್ಯಾಪಕರಿದ್ದರು, ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಡೀನ್ ಇದ್ದರು. ಉತ್ತಮ ಆಡಳಿತಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿಯೂ 2008ರಲ್ಲಿ ಬಂದಿತ್ತು. ಅದೇ ವರ್ಷ ಡಿಸೆಂಬರ್ 16ರಂದು, ಅಧ್ಯಕ್ಷರ ಕುಟುಂಬಕ್ಕೆ ಸೇರಿದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಆ ಮಂಡಳಿ ಒಪ್ಪಿತು. ಹೂಡಿಕೆದಾರರು ತಿರುಗಿಬಿದ್ದ ಮೇಲೆ ಕೆಲವೇ ಗಂಟೆಗಳಲ್ಲಿ ಕೈಬಿಟ್ಟಿತು. ಮೂರು ವಾರದ ನಂತರ, 2009ರ ಜನವರಿ 7ರಂದು, ಲೆಕ್ಕವೇ ಸುಳ್ಳು ಎಂಬ ಅಧ್ಯಕ್ಷರ ಪತ್ರ ಬಂತು. ಓದು, ಹೆಸರು ಯಾವುದಕ್ಕೂ ಕೊರತೆಯಿರಲಿಲ್ಲ.

2013ರ ಕಾಯ್ದೆ ಸ್ವತಂತ್ರ ನಿರ್ದೇಶಕರು ವರ್ಷಕ್ಕೆ ಒಮ್ಮೆಯಾದರೂ ಆಡಳಿತದವರಿಲ್ಲದೆ ಸೇರಬೇಕು ಎಂದದ್ದು ಈ ಅನುಭವದ ನೆರಳಿನಲ್ಲಿ. ಒಮ್ಮೆ ಸಾಲದು. ಪ್ರತಿ ಮಂಡಳಿ ಸಭೆಯ ಕೊನೆಗೆ 30 ನಿಮಿಷ ಎಂಡಿ ಮತ್ತು ಅಧಿಕಾರಿಗಳನ್ನು ಹೊರಗೆ ಕಳಿಸುವುದನ್ನು ರೂಢಿ ಮಾಡಿದರೆ, 'ಇವತ್ತೇಕೆ ಕಳಿಸಿದರು' ಎಂಬ ಗುಸುಗುಸು ಹುಟ್ಟುವುದಿಲ್ಲ. ಒಳ ಆಡಿಟ್ ಮುಖ್ಯಸ್ಥರನ್ನು ವರ್ಷಕ್ಕೆ ನಾಲ್ಕು ಸಲ ಒಂಟಿಯಾಗಿ ಕೂರಿಸಿ ಮಾತನಾಡಿಸಬೇಕು. ಪ್ರವರ್ತಕ ಕುಟುಂಬದ ಹಿಡಿತ ಬಿಗಿಯಾಗಿರುವ ಕಂಪನಿಗಳಲ್ಲಿ ಇದು ಕಷ್ಟ, ಮುಂದಿನ ಅವಧಿಯ ಮರುನೇಮಕ ಅವರ ಮತದ ಮೇಲೇ ನಿಂತಿರುತ್ತದೆ. ಅಲ್ಲಿ ಉಳಿಯುವ ದಾರಿ ಮಿನಿಟ್ಸ್, ಅಂದರೆ ಸಭೆಯ ನಡಾವಳಿ. ಕರಡು ಮಿನಿಟ್ಸ್ 15 ದಿನದಲ್ಲಿ ಬರಬೇಕು, ನೋಡಿ ತಿದ್ದುಪಡಿ ಹೇಳಲು ಏಳು ದಿನ ಇರುತ್ತದೆ. 'ಚರ್ಚಿಸಿ ಅನುಮೋದಿಸಲಾಯಿತು' ಎಂಬ ಒಂದು ಸಾಲಿನಲ್ಲಿ ನಿಮ್ಮ ಆಕ್ಷೇಪ ಕರಗಿಹೋಗಿದ್ದರೆ ಆ ಏಳು ದಿನದೊಳಗೆ ಬರಹದಲ್ಲಿ ಕೇಳಿ ಸೇರಿಸಬೇಕು. ಹೊರಗೆ ಬರುವುದೇ ಸರಿ ಎನಿಸಿದರೆ 'ವೈಯಕ್ತಿಕ ಕಾರಣ' ಎಂದು ಬರೆಯಬಾರದು. ಸ್ವತಂತ್ರ ನಿರ್ದೇಶಕರ ರಾಜೀನಾಮೆಯ ವಿವರವಾದ ಕಾರಣವನ್ನು ಷೇರುಪೇಟೆಗೆ ತಿಳಿಸಬೇಕೆಂಬ ಸೆಬಿ ನಿಯಮ ಇರುವುದು ಆ ಪತ್ರ ಷೇರುದಾರರಿಗೂ ಸಿಬ್ಬಂದಿಗೂ ತಲುಪಲಿ ಎಂದೇ.

ಕೊನೆಯದಾಗಿ, ಖರ್ಚಿಲ್ಲದ ಒಂದು ಕೆಲಸ. ಕಂಪನಿ ಸೆಕ್ರೆಟರಿ ಒಂದು ರಿಜಿಸ್ಟರ್ ಇಡಲಿ. ಪ್ರತಿ ಗಂಭೀರ ಘಟನೆಗೂ ಎರಡು ದಿನಾಂಕ: ಕಂಪನಿಯೊಳಗೆ ಮೊದಲು ಯಾರಿಗಾದರೂ ಗೊತ್ತಾದ ದಿನ, ಮಂಡಳಿಗೆ ಗೊತ್ತಾದ ದಿನ. ಮೂರನೇ ಕಾಲಮ್ಮಿನಲ್ಲಿ ಯಾವ ದಾರಿಯಲ್ಲಿ ಬಂತು ಎಂಬುದು: ಎಂಡಿ ಹೇಳಿದ್ದು, ಆಡಿಟ್, ದೂರು, ಪತ್ರಿಕೆ. ವರ್ಷದ ಕೊನೆಯ ಸಭೆಯಲ್ಲಿ ಆ ಪುಟ ತೆರೆದು, 'ಪತ್ರಿಕೆ' ಎಂದು ಬರೆದಿರುವ ಸಾಲುಗಳನ್ನು ಎಣಿಸಲಿ.